ಔಷಧದ ಹೆಸರೂ ಔಷಧದ ಬೆಲೆಯೂ

ನಮ್ಮ ನೆರೆಮನೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಖಾಸಗಿ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷ ಗಣಿತವನ್ನು ಬೋಧಿಸಿ, ಅಲ್ಪಸ್ವಲ್ಪ ಉಳಿತಾಯದೊಡನೆ ವಿಶ್ರಾಂತರಾದವರು. ರಕ್ತದೊತ್ತಡಕ್ಕೊಂದು, ಸಕ್ಕರೆ ಕಾಯಿಲೆಗೊಂದು, ರಕ್ತದ ಕೊಬ್ಬನ್ನು ತಗ್ಗಿಸಲು ಮತ್ತೊಂದು, ಹೊಟ್ಟೆಯ ಉರಿಗೆ ಇನ್ನೊಂದು, ಹೀಗೆ ಅವರು ಪ್ರತಿದಿನವೂ ಸೇವಿಸಬೇಕಾದ ಗುಳಿಗೆಗಳ ಪಟ್ಟಿ ದೊಡ್ಡದು. ಕೆಲವು ತಿಂಗಳುಗಳ ಹಿಂದೆ ಒಂದು ಸಂಜೆ ಅವರ ರಕ್ತದೊತ್ತಡ ಬಹಳವಾಗಿ ಏರಿ, ತಲೆಸುತ್ತಿ ಕುಸಿದುಬಿಟ್ಟರು. ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು, “ಗುಳಿಗೆ ತಪ್ಪದೆ ತಗೊಳ್ತಾ ಇದ್ದೀರಾ?” ಎಂದು ಕೇಳಿದರು. ಮೇಷ್ಟರು ಬಾಯಿಬಿಡಲಿಲ್ಲ. ಮನೆಗೆ ಹಿಂದಿರುಗಿದ ಮೇಲೆ ನಮ್ಮೊಡನೆ ಮೆಲ್ಲನೆ ಹೇಳಿದರು: “ದಿನಕ್ಕೊಂದು ಅಂತ ಬರೆದಿದ್ದಾರೆ, ನಿಜ. ಒತ್ತಡದ ಗುಳಿಗೇನ ನಾನು ದಿನ ಬಿಟ್ಟು ದಿನ ತಗೊಂಡೆ ಕಣಪ್ಪ. ಒಂದು ತಿಂಗಳಿಗೆ ತಂದದ್ದು ಎರಡು ತಿಂಗಳಿಗೆ ಬರುತ್ತೆ. ಮಗನ ಹತ್ತಿರ ಎಷ್ಟು ಸಲ ಅಂತ ಕೇಳೋದು?”

ಮೇಷ್ಟರ ಭಾಗಾಕಾರದಲ್ಲಿ ತಪ್ಪಿರಲಿಲ್ಲ. ಆದರೆ ಶರೀರವು ಆ ಲೆಕ್ಕದಂತೆ ನಡೆಯುವುದಿಲ್ಲ. ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ವಯೋವೃದ್ಧರು ಯಾರಿಗೂ ಹೇಳದೆ ಇಂತಹ ಉಳಿತಾಯವನ್ನು ಮಾಡುತ್ತಿರುವರೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದುದರಿಂದಲೇ ನಮ್ಮ ತರುಣ ವಾಚಕರ ಮುಂದೆ ಒಂದು ಮಾತನ್ನು ಇಡಬಯಸುತ್ತೇವೆ. ಹಿರಿಯರ ಔಷಧದ ಖರ್ಚನ್ನು ತಗ್ಗಿಸುವುದು ಸಾಧ್ಯ. ಆದರೆ ಆ ಉಳಿತಾಯವನ್ನು ಗುಳಿಗೆಯ ಸಂಖ್ಯೆಯಲ್ಲಿ ಹುಡುಕಬಾರದು, ಗುಳಿಗೆಯ ಹೆಸರಿನಲ್ಲಿ ಹುಡುಕಬೇಕು. ಈ ಕೆಲಸಕ್ಕೆ ಮನೆಯಲ್ಲಿ ವಿಜ್ಞಾನವನ್ನು ಓದುತ್ತಿರುವ ಹುಡುಗ ಹುಡುಗಿಯರೇ ಮುಂದಾಗಬೇಕು.

ಮೊದಲು ಮೇಷ್ಟರ ಲೆಕ್ಕವನ್ನೇ ಪರಿಶೀಲಿಸೋಣ. ವಿಕಿರಣಪಟು ಧಾತುಗಳ ಅರ್ಧಾಯುವನ್ನು ಕುರಿತು ನೀವು ತರಗತಿಯಲ್ಲಿ ಓದಿರುವಿರಷ್ಟೆ. ಒಂದು ನಿಯತ ಕಾಲದಲ್ಲಿ ಧಾತುವಿನ ಅರ್ಧಭಾಗ ಕ್ಷಯಿಸುತ್ತದೆ; ಮತ್ತೆ ಅಷ್ಟೇ ಕಾಲದಲ್ಲಿ ಉಳಿದುದರ ಅರ್ಧ. ರಕ್ತದಲ್ಲಿರುವ ಬಹುಪಾಲು ಔಷಧಗಳೂ ಇದೇ ನಿಯಮಕ್ಕೆ ಒಳಪಟ್ಟು ಶರೀರವನ್ನು ಬಿಡುತ್ತವೆ. ಮೇಷ್ಟರು ಸೇವಿಸುತ್ತಿದ್ದುದು ಆಮ್ಲೋಡಿಪಿನ್. ಇದರ ಅರ್ಧಾಯು 30ರಿಂದ 50 ಗಂಟೆ. ಲೆಕ್ಕಕ್ಕಾಗಿ 40 ಗಂಟೆ ಎಂದು ಇಟ್ಟುಕೊಳ್ಳೋಣ. ಒಂದು ಗುಳಿಗೆಯನ್ನು ನುಂಗಿ 24 ಗಂಟೆ ಕಳೆಯುವಾಗ ಅದರ ಶೇಕಡ 66ರಷ್ಟು ಇನ್ನೂ ಉಳಿದಿರುತ್ತದೆ. ಅದರ ಮೇಲೆ ಮರುದಿನದ ಗುಳಿಗೆ ಸೇರುತ್ತದೆ. ಹೀಗೆ ದಿನದಿನವೂ ಕೂಡುತ್ತ, ಕಳೆಯುತ್ತ, ಸುಮಾರು ಒಂದೆರಡು ವಾರಗಳಲ್ಲಿ ಒಂದು ಸ್ಥಿರಮಟ್ಟ ಏರ್ಪಡುತ್ತದೆ. ಆಗ ಗುಳಿಗೆಯನ್ನು ನುಂಗಿದ ಕೂಡಲೇ ಶರೀರದಲ್ಲಿರುವುದು ಸುಮಾರು 2.94 ಗುಳಿಗೆಗಳಷ್ಟು ಔಷಧ. ಮುಂದಿನ ಗುಳಿಗೆಗೆ ತುಸು ಮುಂಚೆ 1.94 ಗುಳಿಗೆಗಳಷ್ಟು. ವೈದ್ಯರು ಎಣಿಸಿದ್ದ ರಕ್ಷಣೆ ಈ ಮಟ್ಟದ್ದು.

ದಿನ ಬಿಟ್ಟು ದಿನ ಸೇವಿಸಿದರೆ? 48 ಗಂಟೆಗಳಲ್ಲಿ ಉಳಿಯುವುದು ಶೇಕಡ 43.5 ಮಾತ್ರ. ಸ್ಥಿರಮಟ್ಟದಲ್ಲಿ, ಮುಂದಿನ ಗುಳಿಗೆಗೆ ಮುಂಚೆ ಶರೀರದಲ್ಲಿರುವುದು 0.77 ಗುಳಿಗೆಯಷ್ಟು. 1.94 ಇದ್ದಲ್ಲಿ 0.77! ಹಣದಲ್ಲಿ ಅರ್ಧ ಉಳಿಯಿತು. ರಕ್ಷಣೆಯ ಕನಿಷ್ಠ ಮಟ್ಟವಾದರೋ ಐದರಲ್ಲಿ ಎರಡು ಭಾಗಕ್ಕೆ ಇಳಿಯಿತು. ಗುಣೋತ್ತರ ಶ್ರೇಢಿಯನ್ನು ಬಲ್ಲ ವಿದ್ಯಾರ್ಥಿಗಳು ಈ ಸಂಖ್ಯೆಗಳನ್ನು ತಾವೇ ಮಾಡಿ ನೋಡಬಹುದು. ನಿಜವಾದ ಶರೀರ ಈ ಸರಳ ಚಿತ್ರಕ್ಕಿಂತ ಜಟಿಲವಾದುದು; ಆದರೂ ಲೆಕ್ಕದ ದಿಕ್ಕು ಇದೇ. ಇದರಲ್ಲಿ ಇನ್ನೊಂದು ಅಪಾಯವುಂಟು. ರಕ್ತದೊತ್ತಡ ಏರಿದಾಗ ಹಲವರಿಗೆ ನೋವಾಗಲಿ ಸಂಕಟವಾಗಲಿ ಕಾಣುವುದಿಲ್ಲ. ಉಳಿತಾಯ ಸಫಲವಾಯಿತೆಂದೇ ತೋರುತ್ತದೆ. ಒಂದು ದಿನ ಪಾರ್ಶ್ವವಾಯುವೋ ಹೃದಯಾಘಾತವೋ ಬಂದೆರಗಿದಾಗ ಉಳಿಸಿದ್ದರ ನೂರ್ಮಡಿ ಹಣ ಆಸ್ಪತ್ರೆಯ ಪಾಲಾಗುತ್ತದೆ. ಹೋದ ಕೈಕಾಲಿನ ಶಕ್ತಿ ಹಣ ತೆತ್ತರೂ ಮರಳುವುದು ಕಷ್ಟ.

ಹಾಗಾದರೆ ನಿಜವಾದ ಉಳಿತಾಯ ಎಲ್ಲಿದೆ? ಇದನ್ನು ತಿಳಿಯಲು ಒಂದು ಹಳೆಯ ಸಂಗತಿಯನ್ನು ನೆನೆಯಬೇಕು. ಹಿಂದೆ ನಮ್ಮ ನಾಡಿನಲ್ಲಿ ಸೇರು, ಪಾವು, ಕೊಳಗಗಳಿದ್ದವು. ಒಂದು ಸಂತೆಯ ಸೇರು ಇನ್ನೊಂದು ಸಂತೆಯ ಸೇರಿಗೆ ಸಮನಾಗಿರಲಿಲ್ಲ. ಎರಡು ಅಂಗಡಿಗಳ ಅಕ್ಕಿಯಲ್ಲಿ ಅಗ್ಗವಾದುದು ಯಾವುದೆಂದು ಗಿರಾಕಿ ಹೇಗೆ ತಿಳಿಯಬೇಕು? 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಬಳಿಕ ಕಿಲೋಗ್ರಾಂ ಬಂದಿತು. ಬೆಲೆಗಳನ್ನು ಹೋಲಿಸುವುದು ಮಕ್ಕಳಿಗೂ ಸಾಧ್ಯವಾಯಿತು. ಅಳತೆ ಒಂದೇ ಆದಾಗಲೇ ಬೆಲೆಗೆ ಅರ್ಥ ಬರುತ್ತದೆ.

ಔಷಧಗಳ ಲೋಕದಲ್ಲಿಯೂ ಇಂತಹ ಸರ್ವಸಾಮಾನ್ಯ ಹೆಸರುಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯು 1950ರಲ್ಲಿ ಒಂದು ನಿರ್ಣಯವನ್ನು ಕೈಗೊಂಡು, ಪ್ರತಿಯೊಂದು ಔಷಧದ್ರವ್ಯಕ್ಕೂ ಲೋಕಕ್ಕೆಲ್ಲ ಒಂದೇ ಆದ ಹೆಸರನ್ನು ಇಡುವ ಏರ್ಪಾಡನ್ನು ಮಾಡಿತು. 1953ರಲ್ಲಿ ಮೊದಲ ಪಟ್ಟಿ ಹೊರಬಿತ್ತು. ಇದನ್ನು ನಾವು ಮೂಲನಾಮವೆಂದು ಕರೆಯೋಣ. ಜನ ಜೆನೆರಿಕ್ ಹೆಸರೆನ್ನುವುದು ಇದನ್ನೇ. ಈ ಹೆಸರುಗಳಲ್ಲಿ ಒಂದು ವ್ಯಾಕರಣವೂ ಇದೆ. ‘ಸ್ಟಾಟಿನ್’ ಎಂದು ಮುಗಿಯುವ ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್‌ಗಳು ಕೊಬ್ಬನ್ನು ತಗ್ಗಿಸುವವು. ‘ಸಾರ್ಟನ್’ ಎಂದು ಮುಗಿಯುವ ಟೆಲ್ಮಿಸಾರ್ಟನ್, ಲೊಸಾರ್ಟನ್‌ಗಳೂ, ‘ಡಿಪಿನ್’ ಎಂದು ಮುಗಿಯುವ ಆಮ್ಲೋಡಿಪಿನ್ ಮೊದಲಾದವೂ ರಕ್ತದೊತ್ತಡಕ್ಕೆ ಸಂಬಂಧಿಸಿದವು. ಆದರೆ ಅಂಗಡಿಯಲ್ಲಿ ಗುಳಿಗೆಯನ್ನು ನಾವು ಕೇಳುವುದು ಈ ಹೆಸರಿನಿಂದಲ್ಲ. ತಯಾರಕರು ಇಟ್ಟ ವ್ಯಾಪಾರನಾಮದಿಂದ. ಒಂದೇ ಅಣುವಿಗೆ ಹತ್ತಾರು ವ್ಯಾಪಾರನಾಮಗಳು, ಹತ್ತಾರು ಬೆಲೆಗಳು. ಇವೇ ನಮ್ಮ ಕಾಲದ ಬೇರೆ ಬೇರೆ ಸೇರುಗಳು.

ಈ ಬೆಲೆಗಳ ಅಂತರಕ್ಕೆ ಕಾರಣವೇನು? ಹೊಸ ಔಷಧವನ್ನು ಕಂಡುಹಿಡಿದವರಿಗೆ ಕೆಲವು ಕಾಲ ಏಕಸ್ವಾಮ್ಯದ ಹಕ್ಕನ್ನು ಕೊಡುವುದುಂಟು. ಆ ಅವಧಿ ಮುಗಿದ ಮೇಲೆ ಯಾರು ಬೇಕಾದರೂ ಪರವಾನೆ ಪಡೆದು ಅದನ್ನು ತಯಾರಿಸಬಹುದು. ಭಾರತದ 1970ರ ಪೇಟೆಂಟ್ ಕಾಯಿದೆಯು ಔಷಧದ ವಸ್ತುವಿಗೆ ಹಕ್ಕನ್ನು ಕೊಡದೆ ತಯಾರಿಕೆಯ ವಿಧಾನಕ್ಕೆ ಮಾತ್ರ ಕೊಟ್ಟಿತು. ಇದರಿಂದ ನಮ್ಮ ಔಷಧೋದ್ಯಮ ಬೆಳೆಯಿತು. 2005ರಲ್ಲಿ ವಸ್ತುವಿನ ಮೇಲಿನ ಹಕ್ಕು ಮತ್ತೆ ಬಂದಿತಾದರೂ, ನಮ್ಮ ಹಿರಿಯರು ದಿನವೂ ನುಂಗುವ ಗುಳಿಗೆಗಳಲ್ಲಿ ಬಹುಪಾಲು ಹಳೆಯವು. ಮೆಟ್‌ಫಾರ್ಮಿನ್ ಸಕ್ಕರೆ ಕಾಯಿಲೆಯ ಚಿಕಿತ್ಸೆಗೆ ಬಂದುದು 1957ರಲ್ಲಿ, ಫ್ರಾನ್ಸಿನ ಝಾನ್ ಸ್ಟರ್ನ್ ಎಂಬ ವೈದ್ಯನಿಂದ. ಅಟೋರ್ವಾಸ್ಟಾಟಿನ್ ಮೇಲಿನ ಹಕ್ಕು ಅಮೆರಿಕದಲ್ಲಿಯೇ 2011ರಲ್ಲಿ ತೀರಿತು. ಇವುಗಳ ಮೇಲೆ ಇಂದು ಯಾರ ಏಕಸ್ವಾಮ್ಯವೂ ಇಲ್ಲ. ಹೀಗಿದ್ದರೂ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಬೆಲೆ ಇರುವುದಕ್ಕೆ ಮುಖ್ಯ ಕಾರಣ, ಹೆಸರಿನ ಪ್ರಚಾರಕ್ಕೂ ಮಾರಾಟದ ಏರ್ಪಾಡಿಗೂ ತಗಲುವ ವೆಚ್ಚ ಮತ್ತು ಹೆಸರಿನ ಮೇಲೆ ಜನ ಇಟ್ಟ ನಂಬಿಕೆ.

ಸರಕಾರ ಕೈಕಟ್ಟಿ ಕುಳಿತಿಲ್ಲ. 2013ರ ಔಷಧ ಬೆಲೆ ನಿಯಂತ್ರಣ ಆಜ್ಞೆಯಂತೆ, ಅವಶ್ಯಕ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವವುಗಳಿಗೆ ಗರಿಷ್ಠ ಬೆಲೆ ಗೊತ್ತಾಗುತ್ತದೆ. ಮಾರುಕಟ್ಟೆಯಲ್ಲಿ ಶೇಕಡ 1ಕ್ಕೆ ಕಡಿಮೆಯಿಲ್ಲದ ಪಾಲನ್ನು ಪಡೆದ ಬ್ರಾಂಡುಗಳ ಬೆಲೆಯ ಸರಾಸರಿಯನ್ನು ತೆಗೆದು, ಅಂಗಡಿಯವನ ಲಾಭಾಂಶವಾಗಿ ಶೇಕಡ 16ನ್ನು ಕೂಡಿಸುವುದು ಅದರ ಕ್ರಮ. 2022ರ ಪಟ್ಟಿಯಲ್ಲಿ 384 ಔಷಧಗಳಿವೆ. ಮೇಲೆ ಹೆಸರಿಸಿದ ಆಮ್ಲೋಡಿಪಿನ್, ಮೆಟ್‌ಫಾರ್ಮಿನ್, ಅಟೋರ್ವಾಸ್ಟಾಟಿನ್‌ಗಳೂ ಅದರಲ್ಲಿ ಸೇರಿವೆ. ಆದರೆ ಗರಿಷ್ಠ ಬೆಲೆಯೆಂಬುದು ಛಾವಣಿ ಮಾತ್ರ. ಅದರ ಕೆಳಗೆ ಬಹಳ ಜಾಗವಿದೆ. ಆ ಜಾಗದಲ್ಲಿ ನಿಂತಿರುವವು ಜನೌಷಧಿ ಕೇಂದ್ರಗಳು. ಇವುಗಳಲ್ಲಿ ಮೊದಲನೆಯದು 2008ರ ನವೆಂಬರಿನಲ್ಲಿ ಅಮೃತಸರದಲ್ಲಿ ತೆರೆಯಿತು. ಬೆಂಗಳೂರಿನಲ್ಲಿ 1981ರಲ್ಲಿ ಸ್ಥಾಪಿತವಾದ ಸರಕಾರಿ ಸ್ವಾಮ್ಯದ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್ ಕಂಪನಿಯೂ ಆರಂಭಕಾಲದಲ್ಲಿ ಇವುಗಳಿಗೆ ಔಷಧ ಒದಗಿಸಿದವುಗಳಲ್ಲಿ ಒಂದು. 2025ರ ಆರಂಭದ ಹೊತ್ತಿಗೆ ದೇಶದಲ್ಲಿ ಇಂತಹ ಕೇಂದ್ರಗಳು 15,000ಕ್ಕೆ ಮುಟ್ಟಿದವು. ಬ್ರಾಂಡುಗಳಿಗಿಂತ ಇಲ್ಲಿ ಬೆಲೆ ಶೇಕಡ 50ರಿಂದ 80ರಷ್ಟು ಕಡಿಮೆ ಎಂಬುದು ಸರಕಾರದ ಮಾತು. ಒಂದು ಗುಳಿಗೆಗೆ 9 ರೂಪಾಯಿ ಇದ್ದಲ್ಲಿ 2 ರೂಪಾಯಿ ಎಂದು ಭಾವಿಸಿ, ದಿನಕ್ಕೆ ಮೂರರಂತೆ ಲೆಕ್ಕ ಹಾಕಿದರೆ ತಿಂಗಳಿಗೆ 810 ರೂಪಾಯಿಯ ಬದಲು 180 ರೂಪಾಯಿ ಸಾಕು. ವರ್ಷಕ್ಕೆ 7,560 ರೂಪಾಯಿ ಉಳಿಯುತ್ತದೆ. ಒಂದು ಗುಳಿಗೆಯನ್ನೂ ತಪ್ಪಿಸಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ: “ಅಗ್ಗದ್ದು ಕೆಲಸ ಮಾಡುತ್ತದೆಯೆ?” ಹಿರಿಯರೂ ಕೇಳುತ್ತಾರೆ, ಕೆಲವು ವೈದ್ಯರೂ ಕೇಳುತ್ತಾರೆ. ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ನಂಬಿಕೆಯಿಂದ ಪಡೆಯದೆ ಅಳತೆಯಿಂದ ಪಡೆಯಬೇಕು. ಅಳೆಯುವ ವಿಧಾನ ಇದು. ಆರೋಗ್ಯವಂತರಾದ ಸ್ವಯಂಸೇವಕರಿಗೆ ಒಮ್ಮೆ ಮೂಲ ತಯಾರಕನ ಗುಳಿಗೆಯನ್ನೂ ಇನ್ನೊಮ್ಮೆ ಹೊಸ ತಯಾರಕನದನ್ನೂ ಕೊಟ್ಟು, ಗಂಟೆಗಂಟೆಗೂ ರಕ್ತದಲ್ಲಿನ ಔಷಧದ ಪ್ರಮಾಣವನ್ನು ಅಳೆದು ನಕ್ಷೆ ಬರೆಯುತ್ತಾರೆ. ವೇಗ ಮತ್ತು ಕಾಲಗಳ ನಕ್ಷೆಯ ಕೆಳಗಿನ ಕ್ಷೇತ್ರಫಲ ದೂರವನ್ನು ಸೂಚಿಸುವಂತೆ, ಇಲ್ಲಿ ರೇಖೆಯ ಕೆಳಗಿನ ಕ್ಷೇತ್ರಫಲ ಶರೀರಕ್ಕೆ ದಕ್ಕಿದ ಔಷಧದ ಮೊತ್ತವನ್ನು ಸೂಚಿಸುತ್ತದೆ. ರೇಖೆಯ ಶಿಖರವನ್ನೂ ಹೋಲಿಸುತ್ತಾರೆ. ಎರಡರ ನಿಷ್ಪತ್ತಿಯು, ಅಳತೆಯ ಅನಿಶ್ಚಿತತೆಯ ಹರವೂ ಸೇರಿ, ಶೇಕಡ 80 ಮತ್ತು 125ರ ನಡುವೆ ಬಂದರೆ ಮಾತ್ರ ಎರಡೂ ಸಮಾನವೆಂದು ಒಪ್ಪುತ್ತಾರೆ.

“ಹಾಗಾದರೆ ಔಷಧದಲ್ಲಿ ಶೇಕಡ 20ರಷ್ಟು ಕೊರತೆ ಇರಬಹುದಲ್ಲ?” ಎಂದು ಹಲವರು ಅರ್ಥಮಾಡಿಕೊಳ್ಳುತ್ತಾರೆ. ಅದು ಸರಿಯಲ್ಲ. ಹರವಿನ ಎರಡು ತುದಿಗಳೂ ಆ ಎಲ್ಲೆಯೊಳಗೆ ಬೀಳಬೇಕಾದರೆ ಸರಾಸರಿ ನೂರರ ಸಮೀಪದಲ್ಲಿಯೇ ಇರಬೇಕಾಗುತ್ತದೆ. ಪ್ರಯೋಗಶಾಲೆಯಲ್ಲಿ ದೋಷದ ಲೆಕ್ಕ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಮೆರಿಕದ ಔಷಧ ನಿಯಂತ್ರಣ ಇಲಾಖೆಯ ವಿಜ್ಞಾನಿಗಳು 12 ವರ್ಷಗಳ 2,070 ಇಂತಹ ಪರೀಕ್ಷೆಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಕ್ಷೇತ್ರಫಲದಲ್ಲಿ ಕಂಡ ಸರಾಸರಿ ವ್ಯತ್ಯಾಸ ಸುಮಾರು ಶೇಕಡ 3.5, ಶಿಖರದಲ್ಲಿ ಸುಮಾರು ಶೇಕಡ 4.4.

ಆದರೆ ಅದು ಅಮೆರಿಕದ ಲೆಕ್ಕ. ನಮ್ಮ ದೇಶದಲ್ಲಿ, ನೀರಿನಲ್ಲಿ ಸುಲಭವಾಗಿ ಕರಗದ ಔಷಧಗಳ ಎಲ್ಲ ತಯಾರಕರಿಗೂ ಈ ಪರೀಕ್ಷೆಯನ್ನು ಕಡ್ಡಾಯಗೊಳಿಸಿದ ನಿಯಮ ಬಂದುದು 2017ರಲ್ಲಿ. ಇದು ತಡವಾಯಿತೆಂಬುದನ್ನು ಒಪ್ಪಿಕೊಳ್ಳಬೇಕು. ಜನೌಷಧಿ ಕೇಂದ್ರಗಳಿಗೆ ಬರುವ ಪ್ರತಿಯೊಂದು ತಂಡದ ಗುಳಿಗೆಗಳನ್ನೂ ಮಾನ್ಯತೆ ಪಡೆದ ಪ್ರಯೋಗಶಾಲೆಗಳಲ್ಲಿ ಪರೀಕ್ಷಿಸುವ ಪದ್ಧತಿಯಿದೆ. ಇತ್ತ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಗುಣಮಟ್ಟದಲ್ಲಿ ಸೋತ ಔಷಧಗಳ ಪಟ್ಟಿಯನ್ನು ಪ್ರತಿ ತಿಂಗಳೂ ಪ್ರಕಟಿಸುತ್ತದೆ. ಹೆಚ್ಚು ಬೆಲೆಯ ಬ್ರಾಂಡುಗಳೂ ಆ ಪಟ್ಟಿಯಲ್ಲಿ ಕಾಣಿಸಿಕೊಂಡಿರುವುದುಂಟು. ಬೆಲೆಯು ಗುಣದ ಅಳತೆಗೋಲಲ್ಲ ಎಂಬುದು ಇದರಿಂದ ಸ್ಪಷ್ಟ. ಅಳತೆಯ ಫಲಿತಾಂಶಗಳನ್ನು ಇನ್ನೂ ಹೆಚ್ಚಾಗಿ, ಜನರಿಗೆ ತಿಳಿಯುವ ಭಾಷೆಯಲ್ಲಿ, ಕನ್ನಡದಲ್ಲಿಯೂ ಪ್ರಕಟಿಸಬೇಕೆಂಬುದು ನಮ್ಮ ಆಗ್ರಹ.

ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಬೇಕು. ಕೆಲವು ಔಷಧಗಳಲ್ಲಿ ಸಾಕಾದ ಪ್ರಮಾಣಕ್ಕೂ ಹೆಚ್ಚಾದ ಪ್ರಮಾಣಕ್ಕೂ ನಡುವಣ ಅಂತರ ತೀರ ಕಿರಿದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಹೃದಯಕ್ಕೆ ಕೊಡುವ ಡಿಗಾಕ್ಸಿನ್, ಥೈರಾಯಿಡಿನ ಲೆವೊಥೈರಾಕ್ಸಿನ್ ಅಂತಹವು. ಇವುಗಳ ತಯಾರಕನನ್ನು ವೈದ್ಯರಿಗೆ ತಿಳಿಸದೆ ಬದಲಾಯಿಸಬಾರದು. ಇನ್ನೊಂದು, ಹೆಚ್ಚು ಪ್ರಮಾಣದ ಗುಳಿಗೆಯನ್ನು ಕೊಂಡು ಮುರಿದು ಎರಡು ದಿನ ನುಂಗುವ ರೂಢಿ. ಹೆಸರಿನ ಮುಂದೆ ‘ಎಸ್.ಆರ್.’ ಅಥವಾ ‘ಎಕ್ಸ್.ಆರ್.’ ಎಂದಿರುವ ಗುಳಿಗೆಗಳು ಔಷಧವನ್ನು ಗಂಟೆಗಟ್ಟಲೆ ನಿಧಾನವಾಗಿ ಬಿಡುವಂತೆ ರಚಿತವಾದವು. ಅವನ್ನು ಮುರಿದರೆ ಅಥವಾ ಪುಡಿಮಾಡಿದರೆ ಹೊರಮೈಯ ವಿಸ್ತಾರ ಹೆಚ್ಚಿ, ದಿನವಿಡೀ ಸಿಗಬೇಕಾದುದು ಒಮ್ಮೆಗೇ ರಕ್ತಕ್ಕೆ ನುಗ್ಗಬಹುದು. ವೈದ್ಯರೋ ಔಷಧದ ಅಂಗಡಿಯ ತಜ್ಞರೋ ಹೇಳಿದ ಹೊರತು ಗುಳಿಗೆಯನ್ನು ಮುರಿಯಬಾರದು.

ಇನ್ನು ವಿದ್ಯಾರ್ಥಿಗಳು ಮಾಡಬೇಕಾದ ಕೆಲಸ. ಒಂದು ಭಾನುವಾರ ಅಜ್ಜನೊಡನೆಯೋ ಅಜ್ಜಿಯೊಡನೆಯೋ ಕುಳಿತು ಔಷಧದ ಡಬ್ಬಿಯನ್ನು ತೆರೆಯಿರಿ. ಒಂದು ಹಾಳೆಯಲ್ಲಿ ನಾಲ್ಕು ಅಂಕಣಗಳನ್ನು ಎಳೆಯಿರಿ: ವ್ಯಾಪಾರನಾಮ, ಮೂಲನಾಮ, ಮಿಲಿಗ್ರಾಂ ಪ್ರಮಾಣ, ಒಂದು ಗುಳಿಗೆಯ ಬೆಲೆ. 2018ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ನಿಯಮದಂತೆ, ಕೆಲವು ಮಿಶ್ರಣಗಳನ್ನು ಬಿಟ್ಟು ಉಳಿದ ಔಷಧಗಳ ಪಟ್ಟಿಯ ಮೇಲೆ ಮೂಲನಾಮವು ವ್ಯಾಪಾರನಾಮಕ್ಕಿಂತ ದಪ್ಪವಾದ ಅಕ್ಷರಗಳಲ್ಲಿ ಇರಬೇಕು. ಆದುದರಿಂದ ಹುಡುಕುವುದು ಕಷ್ಟವಲ್ಲ. ಯಾವ ವೈದ್ಯರು ಯಾವಾಗ ಬರೆದುಕೊಟ್ಟರೆಂಬುದನ್ನೂ ಪಕ್ಕದಲ್ಲಿ ಗುರುತಿಸಿರಿ.

ನಾವು ಮೇಷ್ಟರ ಡಬ್ಬಿಯನ್ನು ಹೀಗೆಯೇ ತೆರೆದೆವು. ಎರಡು ಬೇರೆ ಬೇರೆ ಹೆಸರಿನ, ಬೇರೆ ಬೇರೆ ಬಣ್ಣದ ಪಟ್ಟಿಗಳಿದ್ದವು; ಎರಡರ ಮೂಲನಾಮವೂ ಪ್ಯಾಂಟೊಪ್ರಜೋಲ್. ಹೊಟ್ಟೆಯ ಉರಿಗೆಂದು ಒಬ್ಬ ವೈದ್ಯರು ಒಂದನ್ನು ಬರೆದಿದ್ದರು. ಮೊದಲನೆಯದು ತಿಳಿಯದೆ ಇನ್ನೊಬ್ಬರು ಮತ್ತೊಂದನ್ನು ಬರೆದಿದ್ದರು. ಹಣ ಸಾಲದೆಂದು ರಕ್ತದೊತ್ತಡದ ಗುಳಿಗೆಯನ್ನು ತಪ್ಪಿಸುತ್ತಿದ್ದ ಆ ಹಿರಿಯರು, ಹೊಟ್ಟೆಯ ಗುಳಿಗೆಗೆ ಎರಡೆರಡು ಸಲ ಹಣ ತೆರುತ್ತಿದ್ದರು! “ಇಷ್ಟು ದಿನ ಒಂದೇ ಲೆಕ್ಕಾನ ಎರಡು ಸಲ ಬರೆದಿದ್ದೀನಲ್ಲಪ್ಪ,” ಎಂದರು. “ಹೆಸರು ಬೇರೆ ಇದ್ದರೆ ಯಾರಿಗಾದರೂ ಹೀಗೇ ಆಗುತ್ತೆ, ಮೇಷ್ಟ್ರೇ,” ಎಂದೆವು. ಆದರೆ ನಾವಾಗಿ ಯಾವುದನ್ನೂ ನಿಲ್ಲಿಸಲಿಲ್ಲ. ಪಟ್ಟಿಯನ್ನು ವೈದ್ಯರ ಬಳಿಗೆ ಒಯ್ದೆವು. ಅವರು ನೋಡಿ ಒಂದನ್ನು ಹೊಡೆದುಹಾಕಿ, ಉಳಿದವನ್ನು ಮೂಲನಾಮದಿಂದ ಬರೆದುಕೊಟ್ಟರು.

ಹೀಗೆ ಬರೆಸಿಕೊಳ್ಳುವುದು ಏಕೆ ಅಗತ್ಯ? ಚೀಟಿಯಲ್ಲಿ ವ್ಯಾಪಾರನಾಮವಿದ್ದರೆ ಅಂಗಡಿಯವನು ತಾನಾಗಿ ಬೇರೊಂದನ್ನು ಕೊಡುವುದಕ್ಕೆ ನಮ್ಮ ಔಷಧ ನಿಯಮಗಳು ಒಪ್ಪುವುದಿಲ್ಲ. ವೈದ್ಯರು ಮೂಲನಾಮದಿಂದ, ಓದಲು ಬರುವ ಅಕ್ಷರದಲ್ಲಿ ಬರೆಯಬೇಕೆಂದು 2016ರ ತಿದ್ದುಪಡಿ ಹೇಳಿತು. ಇದನ್ನು ಬಿಗಿಗೊಳಿಸುವ ನಿಯಮಾವಳಿಯೊಂದನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ಆಗಸ್ಟಿನಲ್ಲಿ ಹೊರಡಿಸಿ, ಗುಣಮಟ್ಟದ ಬಗೆಗೆ ವೈದ್ಯರ ವಿರೋಧ ಬಂದುದರಿಂದ ಅದೇ ತಿಂಗಳಿನಲ್ಲಿ ತಡೆಹಿಡಿಯಿತು. ಅಲ್ಲಿಯವರೆಗೆ, ಇಲ್ಲಿಯವರೆಗೆ ಎಂದು ಕಾಯುವುದಕ್ಕಿಂತ, “ಡಾಕ್ಟರೇ, ಇದರ ಮೂಲ ಹೆಸರನ್ನೂ ಬರೆದುಕೊಡಿ” ಎಂದು ವಿನಯದಿಂದ ಕೇಳುವುದು ಲೇಸು. ಬಹಳ ಮಂದಿ ವೈದ್ಯರು ಸಂತೋಷದಿಂದ ಬರೆದುಕೊಡುತ್ತಾರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಸಾಮಾನ್ಯ ಗುಳಿಗೆಗಳನ್ನು ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಧರ್ಮಾರ್ಥವಾಗಿಯೇ ಕೊಡುತ್ತಾರೆಂಬುದನ್ನೂ ಮರೆಯಬಾರದು.

ಈ ಭಾರವನ್ನೆಲ್ಲ ಹಿರಿಯರ ಮೇಲೂ ಅವರ ಮೊಮ್ಮಕ್ಕಳ ಮೇಲೂ ಹೊರಿಸಿ ಸಮಾಜ ಸುಮ್ಮನಿರಬಹುದೆ? ಖಂಡಿತ ಇಲ್ಲ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ 70 ವರ್ಷ ತುಂಬಿದವರೆಲ್ಲರಿಗೂ ಆಯುಷ್ಮಾನ್ ಭಾರತ ಯೋಜನೆಯನ್ನು ವಿಸ್ತರಿಸಿತು; ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆಯ ಚಿಕಿತ್ಸೆಗೆ ಅದು ಒದಗುತ್ತದೆ. ಒಳ್ಳೆಯ ಕೆಲಸವೇ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವರಿಗೆ. ಮಲಗದಂತೆ ಕಾಪಾಡುವ ದಿನನಿತ್ಯದ ಗುಳಿಗೆಗೆ ಮೇಷ್ಟರಂತಹವರು ಕೈಯಿಂದಲೇ ಕೊಡಬೇಕು. ಬಿದ್ದ ಮೇಲೆ ಐದು ಲಕ್ಷ ಕೊಡಲು ಸಿದ್ಧವಾದ ಸಮಾಜವು ಬೀಳದಿರಲು ದಿನಕ್ಕೆ ಐದು ರೂಪಾಯಿಯನ್ನು ಏಕೆ ಕೊಡಬಾರದು? ಈ ಪ್ರಶ್ನೆಯನ್ನು ನಾಳೆಯ ಮತದಾರರಾದ ನೀವು ಕೇಳಲೇಬೇಕು.

ಮೇಷ್ಟರು ಈಗ ತಮ್ಮ ಪಟ್ಟಿಯನ್ನು ತಾವೇ ಬರೆದಿಡುತ್ತಾರೆ. ಕರಿಹಲಗೆಯ ಮೇಲೆ ಬರೆಯುತ್ತಿದ್ದ ಅದೇ ದುಂಡಾದ ಅಕ್ಷರ. ನಾಲ್ಕು ಅಂಕಣ, ಕೆಳಗೆ ಮೊತ್ತ. ಆಮ್ಲೋಡಿಪಿನ್ ಎದುರಿಗೆ ‘ದಿನಕ್ಕೊಂದು’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಮಗನ ಬಳಿ ಕೇಳುವ ಪ್ರಸಂಗ ಈಗ ಬರುತ್ತಿಲ್ಲವಂತೆ. ವಿಜ್ಞಾನವನ್ನು ಓದಿದುದಕ್ಕೆ ಪರೀಕ್ಷೆಯ ಅಂಕಗಳಲ್ಲದೆ ಬೇರೆ ಪ್ರಯೋಜನವೇನೆಂದು ನಿಮ್ಮನ್ನು ಯಾರಾದರೂ ಕೇಳಿದರೆ, ಮನೆಯ ಹಿರಿಯರ ಔಷಧದ ಡಬ್ಬಿಯನ್ನು ತೆರೆದು ತೋರಿಸಿರಿ.